ನ್ಯಾಯಮೂರ್ತಿಯ ಗೆಳೆಯರು

ಬಣಕಲ್, ಕೊಟ್ಟಿಗೆಹಾರದ ಕಡೆ ಎಸ್ಟೇಟ್ ಮನೆಗೆ ಬಂದ ನೆಂಟರನ್ನು ಬರಿಗೈಲಿ ಕಳಿಸುವ ಪದ್ಧತಿಯಿಲ್ಲ. ಹೊರಡುವ ಹೊತ್ತಿಗೆ ಕಾರಿನ ಡಿಕ್ಕಿಯಲ್ಲಿ ಮನೆಯ ಕಾಫಿ ಪುಡಿ, ಒಂದಿಷ್ಟು ಕಾಳುಮೆಣಸು, ಒಂದು ಬಾಟಲಿ ಜೇನು, ಕಾಲ ಕೂಡಿಬಂದರೆ ಒಂದು ಚೀಲ ಕಿತ್ತಳೆ. ಬೇಡವೆಂದರೆ ಮನೆಯವರಿಗೆ ಬೇಸರ. ಇದರಲ್ಲಿ ಲೆಕ್ಕಾಚಾರವಿಲ್ಲ, ಮಲೆನಾಡಿನ ನಡವಳಿಕೆಯೇ ಹಾಗೆ. ಆದರೆ ಹೊರಟು ನಿಂತ ಅತಿಥಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದರೆ? ಪುಡಿಯ ಪೊಟ್ಟಣದ ಹಿಂದೆ ನಾಲ್ಕು ದಿನದ ವಾಸ, ಓಡಾಡಲು ಕಾರು, ಸಂಸಾರಕ್ಕೆಲ್ಲ ಊಟೋಪಚಾರವೂ ಇದ್ದರೆ?

ಕಾಫಿ ಸೀಮೆಯಲ್ಲಿ ಈ ಪ್ರಶ್ನೆ ಕೇಳಲೇಬೇಕು, ಏಕೆಂದರೆ ಜಮೀನಿನ ತಕರಾರಿಲ್ಲದ ಊರು ಇಲ್ಲಿ ಸಿಗುವುದು ಕಷ್ಟ. ಬಗರ್ ಹುಕುಂ, ಫಾರ್ಮ್ 57, ಸೆಕ್ಷನ್ 4, ಡೀಮ್ಡ್ ಫಾರೆಸ್ಟ್, ಒತ್ತುವರಿ ತೆರವು: ಇವು ವಕೀಲರ ಮಾತಲ್ಲ, ಚಹಾ ಅಂಗಡಿಯ ಮಾತು. ವ್ಯಾಜ್ಯ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ, ಅಲ್ಲಿಂದ ಬೆಂಗಳೂರಿಗೆ ಹತ್ತುತ್ತದೆ. ಎರಡು ಎಕರೆಯ ಸಾಗುವಳಿದಾರನೂ ನೂರಾರು ಎಕರೆಯ ಪ್ಲಾಂಟರೂ ಅಲ್ಲಿ ಒಂದೇ ಪೀಠದ ಮುಂದೆ ನಿಲ್ಲುತ್ತಾರೆ. ಇಬ್ಬರಲ್ಲಿ ನ್ಯಾಯಮೂರ್ತಿಯನ್ನು ಮನೆಗೆ ಕರೆದು ಉಪಚರಿಸುವ ಅನುಕೂಲ ಇರುವುದು ಒಬ್ಬರಿಗೆ ಮಾತ್ರ.

ಉನ್ನತ ನ್ಯಾಯಾಂಗ ಇದಕ್ಕೆ ತಾನೇ ಬರೆದುಕೊಂಡ ಉತ್ತರವೊಂದಿದೆ. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರಿ ಒಪ್ಪಿದ ‘ರೀಸ್ಟೇಟ್‌ಮೆಂಟ್ ಆಫ್ ವ್ಯಾಲ್ಯೂಸ್ ಆಫ್ ಜುಡಿಷಿಯಲ್ ಲೈಫ್’ ಹದಿನಾರು ಅಂಶಗಳ ಪುಟ್ಟ ದಾಖಲೆ. ಬಹುಪಾಲು ಅಂಶಗಳು ಖಡಕ್ಕಾಗಿವೆ. ಕ್ಲಬ್ಬು, ಸಂಘಗಳ ಚುನಾವಣೆಗೆ ನಿಲ್ಲುವಂತಿಲ್ಲ. ವಕೀಲರಾದ ಹತ್ತಿರದ ಬಂಧುಗಳು ತಮ್ಮೆದುರು ವಾದಿಸಲು ಬಿಡುವಂತಿಲ್ಲ. ಷೇರು ವ್ಯವಹಾರದ ಜೂಜು ಕೂಡದು. ಹತ್ತನೆಯ ಅಂಶಕ್ಕೆ ಬಂದಾಗ ಮಾತ್ರ ಕೈ ಸಡಿಲವಾಗುತ್ತದೆ. ಕುಟುಂಬದವರು, ಹತ್ತಿರದ ಬಂಧುಗಳು ಮತ್ತು ಗೆಳೆಯರನ್ನು ಬಿಟ್ಟು ಬೇರೆಯವರಿಂದ ಉಡುಗೊರೆ, ಆತಿಥ್ಯ ಪಡೆಯಬಾರದು ಎನ್ನುತ್ತದೆ ಅದು. ಅಪರಿಚಿತನಿಂದ ದೊಡ್ಡ ಉಡುಗೊರೆ ಪಡೆಯುವ ನ್ಯಾಯಮೂರ್ತಿ ಎಲ್ಲಿದ್ದಾರೆ? ಅನುಕೂಲಸ್ಥರು ಮೊದಲು ಗೆಳೆಯರಾಗುತ್ತಾರೆ, ಕೊಡುವುದು ಆಮೇಲೆ. ಯಾರನ್ನು ತಡೆಯಬೇಕಿತ್ತೋ ಅವರಿಗೇ ನಿಯಮ ವಿನಾಯಿತಿ ಕೊಟ್ಟಿದೆ. ಮೊತ್ತದ ಮಿತಿಯಿಲ್ಲ, ಯಾರಿಗೂ ತಿಳಿಸಬೇಕಿಲ್ಲ, ಆ ಗೆಳೆಯನ ವ್ಯಾಜ್ಯ ಕೋರ್ಟಿನಲ್ಲಿದೆಯೇ ಎಂಬ ಪ್ರಶ್ನೆಯೂ ಆ ಅಂಶದಲ್ಲಿಲ್ಲ.

ಇದರ ಪಕ್ಕದಲ್ಲಿ ಐಎಎಸ್, ಐಪಿಎಸ್ ಅಧಿಕಾರಿಗಳ 1968ರ ನಡತೆ ನಿಯಮವನ್ನಿಟ್ಟು ಓದಬೇಕು. ಅಲ್ಲೂ ಗೆಳೆಯರಿಂದ ಉಡುಗೊರೆ ಪಡೆಯಬಹುದು, ಆದರೆ ಆ ಗೆಳೆಯನಿಗೂ ಅಧಿಕಾರಿಗೂ ಕಚೇರಿ ವ್ಯವಹಾರ ಇರಕೂಡದು, ಸಂದರ್ಭವೂ ಮದುವೆಯಂಥದ್ದಾಗಿರಬೇಕು. ಬೆಲೆ 25,000 ರೂಪಾಯಿ ದಾಟಿದರೆ ಸರ್ಕಾರಕ್ಕೆ ವರದಿ ಮಾಡಬೇಕು. ವ್ಯವಹಾರವುಳ್ಳವರು ಒದಗಿಸಿದ ಪುಕ್ಕಟೆ ಪ್ರಯಾಣ, ವಸತಿಯೂ ಉಡುಗೊರೆಯ ಲೆಕ್ಕಕ್ಕೇ ಬರುತ್ತದೆ. ತಾಲ್ಲೂಕು ಕೋರ್ಟಿನ ಸಿವಿಲ್ ನ್ಯಾಯಾಧೀಶರೂ ಸರ್ಕಾರಿ ನೌಕರರ ನಡತೆ ನಿಯಮದ ಬಿಗಿಯಲ್ಲೇ ಇದ್ದಾರೆ; ತಪ್ಪಿದರೆ ಹೈಕೋರ್ಟು ಶಿಸ್ತುಕ್ರಮ ಜರುಗಿಸುತ್ತದೆ. ಅಧಿಕಾರ ಹೆಚ್ಚಿದಷ್ಟೂ ನಿಯಮ ತೆಳ್ಳಗಾಗುವ ಈ ವ್ಯವಸ್ಥೆಗೆ ಸಮರ್ಥನೆಯೇ ಇಲ್ಲ.

ಈ ಕಳವಳವನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಕನ್ನಡಿಗರೊಬ್ಬರಿದ್ದರು. 1989ರ ಡಿಸೆಂಬರಿನಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಭಾರತದ ಮುಖ್ಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಪತ್ರಕರ್ತ ಕುಲದೀಪ್ ನಯ್ಯರ್ ಅವರೊಂದಿಗೆ ಮಾತನಾಡುತ್ತಾ, ಪ್ರತಿ ಹೈಕೋರ್ಟಿನಲ್ಲೂ ನಾಲ್ಕೈದು ನ್ಯಾಯಮೂರ್ತಿಗಳು ಸಂಜೆಯಾದರೆ ವಕೀಲರ ಮನೆಗಳಲ್ಲೋ ವಿದೇಶಿ ರಾಯಭಾರ ಕಚೇರಿಗಳಲ್ಲೋ ಗುಂಡು, ಊಟದ ಕೂಟಗಳಲ್ಲಿರುತ್ತಾರೆ ಎಂದುಬಿಟ್ಟರು. ಅವರ ಮೇಲೆಯೇ ನ್ಯಾಯಾಂಗ ನಿಂದನೆಯ ಅರ್ಜಿ ಬಾಂಬೆ ಹೈಕೋರ್ಟಿಗೆ ಹೋಯಿತು. 1990ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು. ಅವರು ಹೇಳಿದ್ದು ಲಂಚದ ಕವರಿನ ಬಗ್ಗೆಯಲ್ಲ, ಸಂಜೆಯ ಊಟದ ಬಗ್ಗೆ ಎಂಬುದನ್ನು ಗಮನಿಸಬೇಕು. ದಿನವೂ ಯಾರ ಜೊತೆ ಕೂತು ಉಣ್ಣುತ್ತೇವೋ ಅವರ ಕಷ್ಟಸುಖ ನಮಗೆ ಬೇಗ ಅರ್ಥವಾಗುತ್ತದೆ. ಜೊತೆಗೆ ಉಣ್ಣದವರ ಕಷ್ಟ ಕಾಗದದ ಮೇಲಷ್ಟೇ ಉಳಿಯುತ್ತದೆ.

ಕಣ್ಣಿಗೆ ಹೊಡೆಯುವ ಉದಾಹರಣೆ ಅಮೆರಿಕದ್ದು. ಅಲ್ಲಿನ ಸುಪ್ರೀಂ ಕೋರ್ಟಿನ ಕ್ಲಾರೆನ್ಸ್ ಥಾಮಸ್ ಎರಡು ದಶಕಗಳಿಂದ ಟೆಕ್ಸಾಸಿನ ಕೋಟ್ಯಧೀಶ ಹಾರ್ಲನ್ ಕ್ರೋ ಅವರ ಖಾಸಗಿ ವಿಮಾನ, ವಿಹಾರನೌಕೆಗಳಲ್ಲಿ ಪ್ರವಾಸ ಮಾಡುತ್ತಿದ್ದುದನ್ನು ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2023ರ ಏಪ್ರಿಲಿನಲ್ಲಿ ಬಯಲಿಗೆ ತಂದಿತು. ಥಾಮಸ್ ಅವರ ತಾಯಿ ವಾಸವಿದ್ದ ಮನೆಯನ್ನು 2014ರಲ್ಲಿ ಕ್ರೋ ಅವರೇ ಕೊಂಡಿದ್ದರು. ಅವರು ಆಪ್ತ ಗೆಳೆಯರು, ಇದನ್ನು ವರದಿ ಮಾಡಬೇಕಿಲ್ಲವೆಂದು ತಮಗೆ ಸಲಹೆ ಸಿಕ್ಕಿತ್ತು ಎಂಬುದು ಥಾಮಸ್ ಉತ್ತರ. ಅವರು ಪೀಠವೇರಿದ್ದು 1991ರಲ್ಲಿ. ಗೆಳೆತನ ಬೆಳೆದದ್ದು ಅದಾದ ಮೇಲೆ. ಯಾವುದೇ ತೀರ್ಪನ್ನು ಕೊಂಡುಕೊಂಡರೆಂದು ಯಾರೂ ಸಾಬೀತು ಮಾಡಿಲ್ಲ. ಆದರೂ ಕೋರ್ಟಿನ ಮಾನಕ್ಕೆ ಪೆಟ್ಟು ಬಿತ್ತು, ಅದೇ ನವೆಂಬರಿನಲ್ಲಿ ಆ ಕೋರ್ಟು ತನಗೊಂದು ನೀತಿಸಂಹಿತೆ ಬರೆದುಕೊಳ್ಳಬೇಕಾಯಿತು.

ಇದಕ್ಕಿಂತ ಉತ್ತಮವಾದ ಮಾದರಿಗೆ ನಮ್ಮ ರಾಜಧಾನಿಯದೇ ಹೆಸರಿದೆ. 2001ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಹಲವು ದೇಶಗಳ ಹಿರಿಯ ನ್ಯಾಯಮೂರ್ತಿಗಳು ಕರಡನ್ನು ಒಪ್ಪಿದರು; 2002ರಲ್ಲಿ ಹೇಗ್‌ನಲ್ಲಿ ಅದು ಅಂತಿಮಗೊಂಡಿತು. ಈ ‘ಬೆಂಗಳೂರು ತತ್ವಗಳು’ ಸಂದರ್ಭಕ್ಕೆ ತಕ್ಕ ಸಣ್ಣ ನೆನಪಿನ ಕಾಣಿಕೆಯನ್ನು ಒಪ್ಪುತ್ತವೆ. ಆದರೆ ಅದು ಪ್ರಭಾವ ಬೀರಲು ಕೊಟ್ಟದ್ದೆಂದು ಬೇರೆಯವರಿಗೆ ಅನಿಸುವಂತಿರಬಾರದು. ಕರ್ತವ್ಯಕ್ಕೆ ಸಂಬಂಧಿಸಿ ಉಡುಗೊರೆಯನ್ನೋ ಸಾಲವನ್ನೋ ನ್ಯಾಯಮೂರ್ತಿಯ ಮನೆಯವರೂ ಪಡೆಯುವಂತಿಲ್ಲ. ಕೊಟ್ಟವರು ಗೆಳೆಯರೇ ಎಂದಲ್ಲ, ನೋಡುವವರಿಗೆ ಏನನ್ನಿಸುತ್ತದೆ ಎಂದು ಅವು ಕೇಳುತ್ತವೆ. ಈ ಅಳತೆಯಲ್ಲಿ ಬಣಕಲ್ಲಿನ ಅರ್ಧ ಕೆ.ಜಿ. ಕಾಫಿ ಪುಡಿ ಪಾರಾಗುತ್ತದೆ, ವಾರದ ಎಸ್ಟೇಟ್ ವಾಸ ಪಾರಾಗುವುದಿಲ್ಲ.

ನ್ಯಾಯಮೂರ್ತಿಗಳೂ ಮನುಷ್ಯರು, ಅವರಿಗೂ ಬಾಲ್ಯದ ಗೆಳೆಯರು, ಊರುಕೇರಿ ಬೇಡವೇ ಎಂಬ ಮಾತಿಗೆ ತೂಕವಿದೆ. ಒಂಟಿ ದ್ವೀಪದಲ್ಲಿ ಕೂತವರಿಂದ ಒಳ್ಳೆಯ ತೀರ್ಪು ಬರುವುದಿಲ್ಲ. ಹಾಗಾಗಿ ಬೇಕಿರುವುದು ನಿಷೇಧಕ್ಕಿಂತ ಬಹಿರಂಗ. ಸಂಸತ್ತಿನಿಂದ ಅದನ್ನು ಸದ್ಯಕ್ಕೆ ನಿರೀಕ್ಷಿಸುವಂತಿಲ್ಲ. 2012ರಲ್ಲಿ ಲೋಕಸಭೆ ಒಪ್ಪಿದ್ದ ನ್ಯಾಯಾಂಗ ಹೊಣೆಗಾರಿಕೆ ಮಸೂದೆ 2014ರಲ್ಲಿ ಬಿದ್ದುಹೋಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿಗಳ ಆಸ್ತಿ ವಿವರಗಳನ್ನು ಜಾಲತಾಣಕ್ಕೆ ಹಾಕಿದ್ದು ದೊಡ್ಡ ಹೆಜ್ಜೆಯೇ. ಆದರೆ ಆಸ್ತಿಪಟ್ಟಿಯಲ್ಲಿ ಸೈಟು, ಚಿನ್ನ, ಠೇವಣಿ ಕಾಣುತ್ತವೆ. ಉಂಡು ಹೋದ ಊಟ, ತಂಗಿದ ಬಂಗಲೆ ಕಾಣುವುದಿಲ್ಲ.

ಆ ಹೆಜ್ಜೆಯ ಹಿಂದೆಯೂ ಕರ್ನಾಟಕದ ಪಾಲಿದೆ. 2009ರ ಆಗಸ್ಟಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರಕುಮಾರ್, ಆಸ್ತಿ ಘೋಷಣೆಗೆ ಎಲ್ಲ ನ್ಯಾಯಮೂರ್ತಿಗಳ ವಿರೋಧವಿದೆಯೆಂದು ಅವರೆಲ್ಲರ ಪರವಾಗಿ ಭಾರತದ ಮುಖ್ಯ ನ್ಯಾಯಮೂರ್ತಿ ಮಾತನಾಡುವಂತಿಲ್ಲ ಎಂದು ಪತ್ರಿಕೆಯಲ್ಲೇ ಬರೆದರು. ಅದೇ ತಿಂಗಳ 26ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಬಹಿರಂಗಪಡಿಸಲು ಒಪ್ಪಿದರು. ಅಂಥ ಪರಂಪರೆಯುಳ್ಳ ಕರ್ನಾಟಕ ಹೈಕೋರ್ಟು ದೆಹಲಿಯ ದಾರಿ ಕಾಯಬೇಕಿಲ್ಲ. ಬಂಧುಗಳಲ್ಲದವರಿಂದ ಪಡೆದ ಉಡುಗೊರೆ, ಪ್ರಯಾಣ, ವಸತಿಯ ವಿವರವನ್ನು ಕೊಟ್ಟವರ ಹೆಸರಿನೊಂದಿಗೆ ವರ್ಷಕ್ಕೊಮ್ಮೆ ತನ್ನ ಜಾಲತಾಣದಲ್ಲಿ ಹಾಕುವ ನಿರ್ಣಯವನ್ನು ಅದು ಈ ವರ್ಷವೇ ಕೈಗೊಳ್ಳಲಿ.