ಮರುಕ ಸಾಲದು

ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10 ಬಂತೆಂದರೆ ಸಮಾಜಕಾರ್ಯ ವಿಭಾಗಗಳಲ್ಲಿ ಪೋಸ್ಟರ್ ಸ್ಪರ್ಧೆ, ಕವನ ವಾಚನ. ಸಂಕೋಲೆ ಹರಿದ ಕೈಗಳು, ಪಾರಿವಾಳಗಳು ಗೋಡೆಗೇರುತ್ತವೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳನ್ನು ಉರು ಹೊಡೆಸುವುದಕ್ಕಿಂತ ಇದು ಮೇಲು, ನಿಜ. ಆದರೆ ಕಲೆಗೆ ಇಷ್ಟೇ ಕೆಲಸ ಕೊಟ್ಟರೆ ಅದು ಅಲಂಕಾರವಾದೀತೇ ಹೊರತು ಪಾಠವಾಗದು.

ಕಲಾವಿದ ಚಿತ್ತಪ್ರಸಾದ್ ಅವರ ‘ಹಂಗ್ರಿ ಬೆಂಗಾಲ್’ ಪುಸ್ತಕ ನೋಡಿ. 1943ರ ಬಂಗಾಳ ಕ್ಷಾಮದಲ್ಲಿ ಅವರು ಮಿಡ್ನಾಪುರ ಜಿಲ್ಲೆ ಸುತ್ತಿ, ಹಸಿದವರನ್ನು ಮಸಿಯಲ್ಲಿ ಚಿತ್ರಿಸಿದರು. ಜೊತೆಗೆ ಕಂಡದ್ದನ್ನು ವರದಿಯಾಗಿಯೂ ಬರೆದರು. ಎದ್ದು ಕಾಣುವ ಪಕ್ಕೆಲುಬಿನ ಪಕ್ಕದಲ್ಲೇ ಆಡಳಿತದ ವೈಫಲ್ಯದ ವಿವರವಿತ್ತು. ಬ್ರಿಟಿಷ್ ಸರ್ಕಾರ ಪುಸ್ತಕದ ಪ್ರತಿಗಳನ್ನು ಜಪ್ತಿ ಮಾಡಿ ಸುಟ್ಟಿತು. ಬರೀ ಕನಿಕರ ಹುಟ್ಟಿಸುವ ಚಿತ್ರಗಳಿಗೆ ಯಾವ ಸರ್ಕಾರವೂ ಅಷ್ಟು ಅಂಜುವುದಿಲ್ಲ.

ತರಗತಿಯಲ್ಲಿ ಈ ಚಿತ್ರ ಕಂಡ ವಿದ್ಯಾರ್ಥಿ ‘ಅಯ್ಯೋ ಪಾಪ’ ಎಂದರೆ ಪಾಠ ಅಲ್ಲಿಂದ ಶುರುವಾಗಬೇಕು. ಇವರಿಗೆ ಅನ್ನ ಮುಟ್ಟಿಸುವ ಹೊಣೆ ಯಾರದಿತ್ತು? ಇಂದು ಒಂದು ಮನೆಗೆ ಪಡಿತರ ತಪ್ಪಿದರೆ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಬರೆಯುವುದು ಹೇಗೆ? ಮರುಕ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಹಕ್ಕನ್ನು ಕೇಳಿ ಪಡೆಯಬಹುದು. ಈ ವ್ಯತ್ಯಾಸ ತಿಳಿಯದೆ ಕ್ಷೇತ್ರಕಾರ್ಯಕ್ಕೆ ಹೋದವರು ಸೇವೆಯನ್ನು ಉಪಕಾರವೆಂದೇ ತಿಳಿಯುತ್ತಾರೆ.

ಕಾವ್ಯದ ಬಳಕೆಯಲ್ಲಿ ಇನ್ನೊಂದು ತೊಡಕಿದೆ. ಕವಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅವರ ಹಾಡುಗಳು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಮೊಳಗಿದವು. ನೊಂದವರೇ ದನಿಯೆತ್ತಿದ್ದು ಅವುಗಳ ಬಲ. ನಮ್ಮ ತರಗತಿಗಳಲ್ಲೋ ‘ಪೌರಕಾರ್ಮಿಕರಾಗಿ ಊಹಿಸಿಕೊಂಡು ಕವನ ಬರೆಯಿರಿ’ ಎನ್ನುವ ಚಟುವಟಿಕೆ ಸಲೀಸಾಗಿ ನಡೆಯುತ್ತದೆ. ಅನುಭವವಿಲ್ಲದವರು ಕಲ್ಪನೆಯ ನೋವಿಗೆ ಚಪ್ಪಾಳೆ ಗಿಟ್ಟಿಸುತ್ತಾರೆ. ಅದೇ ಬೆಂಚಿನಲ್ಲಿ ಪೌರಕಾರ್ಮಿಕರ ಮಗಳಿದ್ದರೆ, ಅವಳ ಮನೆಯ ಬದುಕು ಎಲ್ಲರ ಅಭ್ಯಾಸದ ಸರಕಾಗುತ್ತದೆ. ಅವಳು ಮಾತಾಡಲೂ ಸುಮ್ಮನಿರಲೂ ಸ್ವತಂತ್ರಳು ಎಂಬ ಭರವಸೆ ಕೊಡದ ಪಾಠ, ಹಕ್ಕಿನ ಹೆಸರಲ್ಲೇ ಹಕ್ಕನ್ನು ಮುರಿಯುತ್ತದೆ.

ಆದ್ದರಿಂದ ಮೇಷ್ಟ್ರು ಇನ್ನೊಬ್ಬರ ದನಿಯಲ್ಲಿ ಬರೆಸುವ ಬದಲು ಅವರ ಹಾಡನ್ನು ಕೇಳಿಸಿ, ಹಾಡು ಯಾರನ್ನು ಪ್ರಶ್ನಿಸುತ್ತಿದೆ ಎಂದು ಚರ್ಚಿಸಲಿ. ಅಂಕ ಕೊಡುವುದಾದರೆ ಪೋಸ್ಟರಿನ ಅಂದಕ್ಕಲ್ಲ, ಅದನ್ನು ಕಂಡ ಮೇಲೆ ವಿದ್ಯಾರ್ಥಿ ಬರೆದ ದೂರಿನ ಅರ್ಜಿಗೆ ಕೊಡಲಿ. ಕಲೆ ಕಣ್ಣು ತೆರೆಸಬಲ್ಲದು. ಅರ್ಜಿ ಯಾರ ಮೇಜಿಗೆ ಹೋಗಬೇಕೆಂದು ಕಲಿಸುವುದು ಮೇಷ್ಟ್ರ ಕೆಲಸ.