ಹನ್ನೆರಡು ಸಾವಿರದ ಲೆಕ್ಕ

ಕ್ರೈಸ್ತರ ಹೊಸ ಒಡಂಬಡಿಕೆಯ ಕಟ್ಟಕಡೆಯ ಗ್ರಂಥವಾದ ‘ಪ್ರಕಟನೆ’ಯನ್ನು ಭಕ್ತರು ಶ್ರದ್ಧೆಯಿಂದ ಓದುತ್ತ ಬಂದಿದ್ದಾರೆ, ಕನ್ನಡದಲ್ಲಿ ಅದನ್ನು ಸಾಹಿತ್ಯವೆಂದು ಓದಿದವರು ಕಡಮೆ. ಪತ್ಮೊಸ್ ದ್ವೀಪದಲ್ಲಿದ್ದ ಯೋಹಾನನ ದರ್ಶನಗಳೇ ಅದರ ವಸ್ತು. ಏಳನೆಯ ಅಧ್ಯಾಯದಲ್ಲಿ, ಭೂಮಿಗೆ ಕೇಡೊದಗುವ ಮುನ್ನ ದೇವರ ದಾಸರ ಹಣೆಗೆ ಮುದ್ರೆಯೊತ್ತುವ ಪ್ರಸಂಗ ಬರುವುದು. ಇಸ್ರಾಯೇಲಿನ ಕುಲವೊಂದಕ್ಕೆ ಹನ್ನೆರಡು ಸಾವಿರದಂತೆ ಹನ್ನೆರಡು ಕುಲಗಳಿಂದ ಒಟ್ಟು 1,44,000 ಮಂದಿ. ಈ ಸಂಖ್ಯೆಯ ಮೇಲೆ ಎಷ್ಟೋ ಪಂಥಗಳು ತಮ್ಮ ಅಂತ್ಯಕಾಲದ ಲೆಕ್ಕವನ್ನು ಕಟ್ಟಿವೆ. ಯೆಹೋವನ ಸಾಕ್ಷಿಗಳು ಸಂಖ್ಯೆಯನ್ನು ಅಕ್ಷರಶಃ ಹಿಡಿದು ಕುಲಗಳನ್ನು ಸಾಂಕೇತಿಕವೆನ್ನುತ್ತಾರೆ; 19ನೆಯ ಶತಮಾನದ ಡಾರ್ಬಿಯ ಮಾರ್ಗದವರು ಎರಡನ್ನೂ ಅಕ್ಷರಶಃ ಒಪ್ಪಿ, ಕಡೆಗಾಲದಲ್ಲಿ ಯೆಹೂದ್ಯರಿಂದಲೇ ಇಷ್ಟು ಜನ ಎದ್ದುಬರುವರೆಂದು ಕಾಯುತ್ತಾರೆ. ಒಂದೇ ವಾಕ್ಯದ ಅರ್ಧವನ್ನು ಗಣಿತವೆಂದೂ ಉಳಿದರ್ಧವನ್ನು ರೂಪಕವೆಂದೂ ಓದುವ ಮೊದಲನೆಯವರ ಧೈರ್ಯ ಮೆಚ್ಚತಕ್ಕದ್ದೇ!

ಶಿಕಾರಿಪುರ ಸೊರಬಗಳ ವಾಚಕನಿಗೆ ಹನ್ನೆರಡು ಸಾವಿರವೆಂಬುದು ಹೊಸ ಮಾತಲ್ಲ. ಅವನ ಸೀಮೆ ಶಾಸನಗಳ ‘ಬನವಾಸಿ ಪನ್ನಿರ್ಚ್ಛಾಸಿರ’ಕ್ಕೆ ಸೇರಿದ್ದು; ಬಳ್ಳಿಗಾವೆ ಅದರ ರಾಜಧಾನಿ. ಅದರೊಳಗೆ ಬಂದಣಿಕೆಯ ನಾಗರಖಂಡ ಎಪ್ಪತ್ತು, ಉದ್ಧರೆಯ ಜಿಡ್ಡುಳಿಗೆ ಎಪ್ಪತ್ತು. ಈ ಅಂಕೆಗಳು ಗ್ರಾಮಗಳನ್ನು ಹೇಳುತ್ತವೆಯೋ ಆದಾಯವನ್ನೋ ಎಂದು ವಿದ್ವಾಂಸರು ಚರ್ಚಿಸುತ್ತಿರಲಿ. ಶಾಸನ ಬರೆಸಿದವರಿಗೆ ಅವು ನಾಡಿನ ಹೆಸರಿನ ಒಂದಂಗವೇ ಆಗಿದ್ದವು. ಇದಕ್ಕಿಂತ ಹತ್ತಿರದ ಉದಾಹರಣೆ ತಾಳಗುಂದದಲ್ಲುಂಟು. ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಮೂವತ್ತೆರಡು ಮನೆತನಗಳ ಹನ್ನೆರಡು ಸಾವಿರ ಬ್ರಾಹ್ಮಣರನ್ನು ಕರೆತಂದು ನೆಲೆಗೊಳಿಸಿದನೆಂದು ಅಲ್ಲಿಯ ಶಾಸನವೊಂದು ಹೇಳುತ್ತದೆ. ಐದನೆಯ ಶತಮಾನದ ಕುಬ್ಜಕವಿಯ ಸ್ತಂಭಶಾಸನದಲ್ಲಿ ಈ ಕಥೆಯಿಲ್ಲ. ಶತಮಾನಗಳು ಕಳೆದಮೇಲೆ ಅಗ್ರಹಾರದ ಹಿರಿಮೆಯನ್ನು ಸಾರುವಾಗ ಬಂದದ್ದು ಅದು. ಭಾಗಿಸಿದರೆ ಮನೆತನಕ್ಕೆ 375 ಜನರಾಗುವರು. ಆದರೆ ಹಾಗೆ ಭಾಗಿಸಿ ನೋಡುವುದು ಶಾಸನವನ್ನು ಓದುವ ಕ್ರಮವಲ್ಲ.

ಎರಡಕ್ಕೂ ಸಂಬಂಧವುಂಟೆಂದಲ್ಲ, ಆದರೂ ಯೋಹಾನನ ಪಟ್ಟಿಯನ್ನು ಈ ಕಣ್ಣಿನಿಂದಲೇ ನೋಡಬೇಕು. ಕ್ರಿ. ಪೂ. 722ರ ಸುಮಾರಿಗೆ ಅಶ್ಶೂರರು ಸಮಾರ್ಯವನ್ನು ಹಿಡಿದಮೇಲೆ ಉತ್ತರದ ಕುಲಗಳು ಚೆದರಿಹೋದವು. ಅವನು ಬರೆದದ್ದು ಅದಕ್ಕೆ ಎಂಟು ಶತಮಾನಗಳ ಈಚೆಗೆ. ಚೆದರಿಹೋದ ಕುಲಗಳಿಗೆ ಖಾನೇಷುಮಾರಿ ಎಲ್ಲಿಯದು? ಪಟ್ಟಿಯ ರೀತಿಯೂ ವಿಚಿತ್ರ. ಹಿರಿಯ ಮಗ ರೂಬೇನನನ್ನು ಹಿಂದಿಕ್ಕಿ, ಕ್ರಿಸ್ತನು ಹುಟ್ಟಿದ ಯೂದನ ಕುಲ ಮೊದಲಾಗಿದೆ. ಭೂಮಿಯಲ್ಲಿ ಪಾಲಿಲ್ಲದ ಲೇವಿ ಸೇರಿದ್ದಾನೆ. ಯೋಸೇಫನೂ ಅವನ ಮಗ ಮನಸ್ಸೆಯೂ ಇದ್ದಾರೆ, ಎಫ್ರಾಯೀಮನ ಹೆಸರಿಲ್ಲ. ದಾನನ ಕುಲವಂತೂ ಇಲ್ಲವೇ ಇಲ್ಲ. ಅರಣ್ಯಕಾಂಡದಲ್ಲಿ ಮೋಶೆಯು ಕುಲಕ್ಕೆ ಸಾವಿರದಂತೆ ಹನ್ನೆರಡು ಸಾವಿರ ಯೋಧರನ್ನು ಕಳುಹಿಸಿದ್ದನು. ಆ ದಂಡಿನ ಎಣಿಕೆಯೇ ಇಲ್ಲಿ ಹನ್ನೆರಡುಮಡಿಯಾಗಿದೆ. ಮುಂದೆ ಹೊಸ ಯೆರೂಸಲೇಮಿನ ಉದ್ದ ಅಗಲ ಎತ್ತರಗಳೂ ಗ್ರೀಕರ ಅಳತೆಯಲ್ಲಿ ಹನ್ನೆರಡು ಸಾವಿರ. ಅದರ ಗೋಡೆ 144 ಮೊಳ.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರೊಂದು. ಈ ಸಂಖ್ಯೆಯನ್ನು ಯೋಹಾನನು ಕಿವಿಯಿಂದ ಕೇಳಿದನು, ಅಷ್ಟೆ. ಪಟ್ಟಿ ಮುಗಿದೊಡನೆ ಅವನ ಕಣ್ಣಿಗೆ ಬಿದ್ದದ್ದು ಯಾರೂ ಎಣಿಸಲಾರದ ಜನಸ್ತೋಮ. ಐದನೆಯ ಅಧ್ಯಾಯದಲ್ಲಿ ಸಿಂಹವೆಂದು ಕೇಳಿ ಕುರಿಮರಿಯನ್ನು ಕಂಡ ಕ್ರಮವೇ ಇಲ್ಲಿಯೂ. ಕನ್ನಡ ಬೈಬಲಿನಲ್ಲಿ ಇಸ್ರಾಯೇಲಿನ ಶಾಖೆಗಳಿಗೂ ಈ ಸ್ತೋಮದ ಜನಕ್ಕೂ ‘ಕುಲ’ವೆಂಬ ಒಂದೇ ಶಬ್ದ, ಮೂಲ ಗ್ರೀಕಿನಲ್ಲಿಯೂ ಒಂದೇ. ಅನುವಾದಕರು ಅದನ್ನು ಉಳಿಸಿದ್ದು ದೊಡ್ಡ ಉಪಕಾರ. ಅಲ್ಲಮನ ಬಳ್ಳಿಗಾವೆ, ಅಕ್ಕನ ಉಡುತಡಿಗಳ ನೆರೆಯವರಿಗೆ, ಎಣಿಕೆಯೊಳಗಿನ ಕುಲ ಎಣಿಕೆಯನ್ನು ಮೀರಿದ ಕುಲವಾಗುವ ಈ ತಿರುವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದು ಬರಿಯ ಪಂಡಿತರ ಜಿಜ್ಞಾಸೆಯಲ್ಲ. ಮಣಿಪುರ ಮಿಜೋರಂಗಳ ‘ಬ್ನೇ ಮೆನಾಶೆ’ ಜನರು ತಾವು ಮನಸ್ಸೆಯ ಕುಲದವರೆಂದು ನಂಬಿ, 2005ರಲ್ಲಿ ಇಸ್ರೇಲಿನ ಸೆಫಾರ್ದಿ ಮುಖ್ಯ ರಬ್ಬಿಯ ಮನ್ನಣೆ ಪಡೆದರು. ಸಾವಿರಾರು ಮಂದಿ ಹುಟ್ಟೂರನ್ನು ಬಿಟ್ಟು ಅಲ್ಲಿಗೆ ಹೋಗಿದ್ದಾರೆ. ಕುಲದ ಹೆಸರೊಂದು ಮನುಷ್ಯರ ಬಾಳನ್ನು ಎಷ್ಟು ದೂರಕ್ಕೆ ಒಯ್ಯುವುದೆಂಬುದಕ್ಕೆ ಇದು ಸಾಕ್ಷಿ. ಪಟ್ಟಿಯಿಂದ ಬಿಟ್ಟುಹೋದ ಹೆಸರಿನ ಪಾಡು ಇನ್ನೊಂದು ಬಗೆ. ಎರಡನೆಯ ಶತಮಾನದಲ್ಲಿಯೇ ಐರೇನಿಯಸನು, ಕ್ರಿಸ್ತವಿರೋಧಿಯು ದಾನನ ಕುಲದಲ್ಲಿ ಹುಟ್ಟುವನೆಂದೂ ಆ ಕುಲವನ್ನು ಬಿಟ್ಟದ್ದು ಅದಕ್ಕಾಗಿಯೇ ಎಂದೂ ಬರೆದನು. ಒಂದು ಮೌನಕ್ಕೆ ಇಷ್ಟು ಕಠೋರವಾದ ವ್ಯಾಖ್ಯಾನ! ಯೆಹೆಜ್ಕೇಲನ ದರ್ಶನದಲ್ಲಾದರೋ ನಾಡಿನ ಮೊದಲ ಪಾಲು ದಾನನದೇ, ನಗರಕ್ಕೆ ಅವನ ಹೆಸರಿನ ಬಾಗಿಲೂ ಉಂಟು. ಯೋಹಾನನ ಹೊಸ ನಗರಕ್ಕೂ ಹನ್ನೆರಡು ಬಾಗಿಲು, ಅವುಗಳ ಮೇಲೆ ಹನ್ನೆರಡು ಕುಲಗಳ ಹೆಸರು. ಯಾವ ಯಾವ ಹೆಸರೆಂಬುದನ್ನು ಅವನು ಅಲ್ಲಿ ಬರೆದಿಲ್ಲ.