ಹೊಕ್ಕಿಯನ್ ಭಾಷೆಯ ಸಹಾಯಕ ಕ್ರಿಯಾಪದಗಳು

ಚೀನದ ಫೂಜಿಯನ್ ಪ್ರಾಂತದ ದಕ್ಷಿಣ ಭಾಗದಲ್ಲಿಯೂ ತೈವಾನಿನಲ್ಲಿಯೂ, ವಲಸೆಹೋದವರ ಮೂಲಕ ಸಿಂಗಪುರ, ಪೆನಾಂಗ್ ಮೊದಲಾದೆಡೆಗಳಲ್ಲಿಯೂ ಬಳಕೆಯಲ್ಲಿರುವ ಹೊಕ್ಕಿಯನ್ ಭಾಷೆಯ ಕ್ರಿಯಾಪದಕ್ಕೆ ಕಾಲಸೂಚಕ ಪ್ರತ್ಯಯಗಳಿಲ್ಲ. ಪುರುಷ ವಚನಗಳ ಭೇದವೂ ಇಲ್ಲ. ನಮ್ಮಲ್ಲಿ ಆಖ್ಯಾತಪ್ರತ್ಯಯಗಳು ಮಾಡುವ ಕೆಲಸದ ಒಂದು ದೊಡ್ಡ ಪಾಲನ್ನು ಅಲ್ಲಿ ಕ್ರಿಯಾಪದಕ್ಕೆ ಮೊದಲು ಬರುವ ಕೆಲವು ಚಿಕ್ಕ ಪದಗಳು ಮಾಡುತ್ತವೆ. ಇವುಗಳ ವಿವರಣೆ ತಪ್ಪಿದರೆ ವಾಕ್ಯದ ಅರ್ಥವೇ ತಪ್ಪಿತು. ಇಂಗ್ಲಿಷಿನ ಸಹಾಯಕ ಕ್ರಿಯೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ಸಮಾನಪದವನ್ನು ಹುಡುಕುವ ಪಾಠಕ್ರಮವು ಈ ತಪ್ಪಿಗೆ ಎಡೆಗೊಡುತ್ತದೆಂಬುದು ನಮ್ಮ ಅಭಿಪ್ರಾಯ. (ಧ್ವನಿಯ ಏರಿಳಿತಗಳನ್ನು ನಮ್ಮ ಲಿಪಿಯಲ್ಲಿ ತೋರಿಸುವುದು ಕಷ್ಟವಾದ್ದರಿಂದ ಇಲ್ಲಿ ಬಿಟ್ಟಿದ್ದೇವೆ.)

'ಊ' ಎಂಬುದನ್ನು ಪರಿಶೀಲಿಸೋಣ. ಸ್ವತಂತ್ರವಾಗಿ ಬಂದಾಗ ಅದರ ಅರ್ಥ 'ಉಂಟು'. 'ಗ್ವಾ ಊ ಖಿ' ಎಂದರೆ 'ನಾನು ಹೋದದ್ದುಂಟು'. ಇಷ್ಟನ್ನೇ ಕಂಡು ಇದನ್ನು ಭೂತಕಾಲದ ಚಿಹ್ನೆಯೆಂದುಬಿಡುವುದು ಸುಲಭ. ಆದರೆ 'ಲಿ ಊ ಚ್ಯಾಹ್ ಹುನ್ ಬೋ?' ಎಂದು ಕೇಳುವವನು 'ನಿನಗೆ ಹೊಗೆಸೊಪ್ಪು ಸೇದುವ ಅಭ್ಯಾಸ ಉಂಟೋ ಇಲ್ಲವೋ?' ಎನ್ನುತ್ತಿದ್ದಾನೆ, ಇಲ್ಲಿ ಕಳೆದ ಕಾಲದ ಮಾತೇ ಇಲ್ಲ. ಗುಣವಾಚಕದ ಮೊದಲು ಕೂಡ 'ಊ' ಬರಬಹುದು. ಅದು ಸ್ಥಾಪಿಸುವುದು ಕಾಲವನ್ನಲ್ಲ, ಸಂಗತಿಯ ಸತ್ಯತೆಯನ್ನು. ಇದರ ನಿಷೇಧರೂಪ 'ಬೋ'. 'ಹಣವಿಲ್ಲ' ಎನ್ನುವಲ್ಲಿಯೂ 'ಹೋಗಲಿಲ್ಲ' ಎನ್ನುವಲ್ಲಿಯೂ ಅದೊಂದೇ ಪದ. ನಮ್ಮ 'ಇಲ್ಲ'ವು ಈ ಎರಡು ಕೆಲಸಗಳನ್ನೂ ಮಾಡುವುದರಿಂದ ಕನ್ನಡಿಗನಿಗೆ ಇದು ಬೇಗನೆ ಮನದಟ್ಟಾಗುತ್ತದೆ. ಇಂಗ್ಲಿಷಿನ ಮೂಲಕ ಬಂದವನು ಇಲ್ಲಿ ತೊಡರುತ್ತಾನೆ. ತೈವಾನಿನ ಮ್ಯಾಂಡರಿನ್ ಆಡುಮಾತಿಗೂ ಈ ಪ್ರಯೋಗ ನುಸುಳಿದೆ.

'ಬೆಹ್' ಎಂಬುದು ಇಚ್ಛೆಯನ್ನು ಹೇಳುತ್ತದೆ. ಆದರೂ 'ಇನ್ನೇನು ಮಳೆ ಬರುತ್ತದೆ' ಎನ್ನಲು 'ಬೆಹ್ ಲೋಹ್ ಹೋ ಆ' ಎಂದೇ ಹೇಳಬೇಕು, ಮಳೆಗೆ ಇಚ್ಛೆಯೆಲ್ಲಿಯದು? (ನಮ್ಮ 'ಬೇಕು' ಶಬ್ದದೊಡನೆ ಇರುವ ಧ್ವನಿಸಾಮ್ಯ ಕೇವಲ ಆಕಸ್ಮಿಕ, ಅದರಿಂದ ಭಾಷಾಸಂಬಂಧವನ್ನು ಊಹಿಸುವ ಉತ್ಸಾಹವನ್ನು ವಿದ್ಯಾರ್ಥಿಗಳು ತಡೆದುಕೊಳ್ಳುವುದು ಒಳ್ಳೆಯದು.)

ಈ ಪದಗಳ ನಿಜವಾದ ಬೆಲೆ ಗೊತ್ತಾಗುವುದು ನಿಷೇಧದಲ್ಲಿ. 'ಇ ಮ್ ಖಿ' ಎಂದರೆ ಅವನು ಹೋಗಲೊಲ್ಲ. 'ಇ ಬೋ ಖಿ' ಎಂದರೆ ಅವನು ಹೋಗಲಿಲ್ಲ. 'ಇ ಬೇ ಖಿ' ಎಂದರೆ ಅವನು ಹೋಗುವ ಸಂಭವವಿಲ್ಲ. ಇವಕ್ಕೆ ಎದುರಾಗಿ ಕ್ರಮವಾಗಿ 'ಬೆಹ್', 'ಊ', 'ಏ' ನಿಲ್ಲುತ್ತವೆ. ವಾಕ್ಯದ ಕೊನೆಯಲ್ಲಿ ತಕ್ಕ ನಿಷೇಧಪದವನ್ನಿಟ್ಟರೆ ಪ್ರಶ್ನೆಯಾಗುತ್ತದೆ. ಆದ್ದರಿಂದ ಇವುಗಳನ್ನು ಜೋಡಿಜೋಡಿಯಾಗಿಯೇ ಕಲಿಸತಕ್ಕದ್ದು.

ಸಾಮರ್ಥ್ಯದ ವಿಷಯದಲ್ಲಿಯೂ ಒಂದೇ ಇಂಗ್ಲಿಷ್ ಪದ ಸಾಲದು. ಕಲಿತು ಬಂದ ವಿದ್ಯೆಗೆ 'ಏ-ಹ್ಯಾವ್'. ಈಜಬಲ್ಲವನು ಅದನ್ನು ಬಳಸುತ್ತಾನೆ. ಸಂದರ್ಭವು ಅನುಕೂಲಿಸಿದರೆ 'ಏ-ತಾಂಗ್'; ಅನುಮತಿಯಿದ್ದರೆ 'ಏ-ಸಾಯ್'. ಕೊನೆಯ ಎರಡರ ನಡುವಣ ಗಡಿ ಎಲ್ಲ ಕಡೆಯಲ್ಲಿಯೂ ಒಂದೇ ಬಿಗಿಯಲ್ಲಿಲ್ಲವೆಂಬುದು ನಿಜ. ಮೊದಲನೆಯದನ್ನು ಮಾತ್ರ ಅವುಗಳೊಡನೆ ಬೆರೆಸುವಂತಿಲ್ಲ.

ಕಾರ್ಸ್‌ಟೇರ್ಸ್ ಡಗ್ಲಸನು 1873ರಲ್ಲಿ ಪ್ರಕಟಿಸಿದ ಅಮಾಯ್ ಆಡುಮಾತಿನ ನಿಘಂಟಿನಲ್ಲಿ ಚೀನೀ ಲಿಪಿಯಿಲ್ಲ, ರೋಮನ್ ಲಿಪಿ ಮಾತ್ರ ಉಂಟು. ಇದನ್ನು ಕೊರತೆಯೆನ್ನುವವರುಂಟು. ಆದರೆ 'ಬೆಹ್'ನಂತಹ ಪದಗಳನ್ನು ಬರೆಯಲು ಬೇರೆ ಪದದ ಅಕ್ಷರವನ್ನು ಎರವಲು ತಂದಾಗ, ಆ ಅಕ್ಷರದ ಅರ್ಥವೂ ಜೊತೆಗೆ ಬಂದು ಓದುಗನನ್ನು ದಾರಿ ತಪ್ಪಿಸಬಲ್ಲದು. ಕಿವಿಗೆ ಬಿದ್ದುದನ್ನು ಬರೆದಿಟ್ಟುದರಿಂದ ಸಹಾಯಕ ಪದಗಳ ಅಭ್ಯಾಸಕ್ಕೆ ಲಾಭವೇ ಆಯಿತೆಂದು ನಾವು ತಿಳಿಯುತ್ತೇವೆ.

ಜೋಡಿಯ ನಿಯಮಕ್ಕೂ ಅಪವಾದವುಂಟು. 'ತ್ಯೋಹ್' ಎಂದರೆ 'ಬೇಕು', ಕರ್ತವ್ಯಾರ್ಥದಲ್ಲಿ. ಅದಕ್ಕೆ 'ಮ್' ಹಚ್ಚಿದರೆ 'ಹೋಗಬೇಕಾಗಿಲ್ಲ' ಎಂಬ ಅರ್ಥ ಬರುವುದೆಂದು ವಿದ್ಯಾರ್ಥಿ ನಂಬುತ್ತಾನೆ. ಕೇಳಿದವನಿಗೆ 'ಮ್-ತ್ಯೋಹ್' ಎಂಬುದು 'ತಪ್ಪು, ಸರಿಯಲ್ಲ' ಎಂದು ತೋರುತ್ತದೆ. ಹೇಳಬೇಕಾದದ್ದು 'ಮ್-ಬ್ಯೆನ್ ಖಿ'.